ಅಂಜನದೆಲೆಯ ಪಾಠ

ನಲ್ಲೂರಿನ ಅಜ್ಜನ ಮನೆಯಲ್ಲಿ ಅಕ್ಕನನ್ನು ಅಂಜನಕ್ಕೆ ಕೂರಿಸಿದಾಗ ಅವಳಿಗೆ ಒಂಬತ್ತು ವರ್ಷ, ನನಗೆ ಆರು. ಅಡಿಕೆ ಸುಗ್ಗಿಯ ದಿನಗಳು. ಅಂಗಳದಲ್ಲಿ ಮೆಟ್ಟುಗತ್ತಿಗಳ ಸಾಲು, ಹಿತ್ತಲಲ್ಲಿ ಹಂಡೆಯಿಂದೇಳುವ ಚೊಗರಿನ ವಾಸನೆ. ಅಜ್ಜಿಯ ಎರಡೆಳೆ ಸರ ಕಾಣದಾಗಿ ಮೂರು ದಿನವಾಗಿತ್ತು. ಹೊನ್ನಾಳಿ ಕಡೆಯಿಂದ ಕರೆಸಿದ್ದ ಒಬ್ಬರು ನಡುಮನೆಯ ಬಾಗಿಲು ಮುಂದೆ ಮಾಡಿ, ಹರಳೆಣ್ಣೆ ದೀಪ ಹಚ್ಚಿ, ವೀಳ್ಯದೆಲೆಯ ಮೇಲೆ ರೂಪಾಯಿಯಗಲ ಕಪ್ಪು ಬಳಿದು ಅಕ್ಕನ ಎಡಗೈಯಲ್ಲಿಟ್ಟರು.

"ಏನ್ ಕಾಣ್ತೈತವ್ವಾ?"

"ಏನೂ ಇಲ್ಲ."

"ಚೆನ್ನಾಗಿ ನೋಡು. ಬಯಲು ಕಾಣ್ತೈತಾ?"

"ಇಲ್ಲ."

"ರೆಪ್ಪೆ ಬಡೀಬ್ಯಾಡ. ದೊಡ್ಡ ಬಯಲು. ಅಲ್ಲೊಬ್ಬ ಕಸ ಗುಡಿಸ್ತಾ ಇದಾನಾ?"

ಮೂರನೆಯ ಸಲ ಕೇಳಿದಾಗ ಅಕ್ಕ "ಹ್ಞೂಂ" ಅಂದಳು. ಆಮೇಲೆ ತಡವಾಗಲಿಲ್ಲ. ಗುಡಿಸುವವನು ಹೋದ, ನೀರು ಚಿಮುಕಿಸುವವನು ಬಂದ, ಗದ್ದುಗೆ ಹಾಕಿದರು, ಆಂಜನೇಯಸ್ವಾಮಿ ಬಂದು ಕುಳಿತ. ಸರ ತಗೊಂಡೋರನ್ನು ತೋರಿಸು ಎಂದು ಸ್ವಾಮಿಯನ್ನು ಕೇಳಿಕೋ ಎಂದರು. ಅಕ್ಕ ಬಹಳ ಹೊತ್ತು ಎಲೆಯನ್ನೇ ನೋಡುತ್ತಿದ್ದು "ಹಸಿರು ಸೀರೆ" ಅಂದಳು. ಆ ದಿನ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಆರು ಹೆಂಗಸರಲ್ಲಿ ಹಸಿರು ಸೀರೆ ಉಟ್ಟವರು ಒಬ್ಬರೇ. ಯಾರೂ ಅವರನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಮರುದಿನದಿಂದ ಅವರನ್ನು ಕೆಲಸಕ್ಕೆ ಕರೆಯಲಿಲ್ಲ, ಅಷ್ಟೆ. ಸರ ಸಿಗಲಿಲ್ಲ.

ಈ ವಿಷಯ ನನ್ನನ್ನು ಬಿಟ್ಟಿಲ್ಲ. ಮಾಟ ಮಂತ್ರವೆಂದರೆ ಸುಳ್ಳು, ಮೋಸ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅಕ್ಕ ಮೋಸ ಮಾಡಲಿಲ್ಲ. ಇವತ್ತಿಗೂ "ಕಂಡಿದ್ದು ನಿಜ ಕಣೋ" ಅನ್ನುತ್ತಾಳೆ. ಅವಳ ಮಾತನ್ನು ನಾನು ನಂಬುತ್ತೇನೆ. ಹಾಗಾದರೆ ಅವಳಿಗೆ ಕಂಡದ್ದು ಏನು? ಕಾಲು ಗಂಟೆಯಲ್ಲಿ ಆ ಮಗು ಏನನ್ನು ಕಲಿತಿತು? ಇಲ್ಲದ್ದನ್ನು ಮನಸ್ಸಿನಲ್ಲಿ ಕಟ್ಟಿ, ನಿಲ್ಲಿಸಿ, ಕಣ್ಣಾರೆ ಕಂಡಂತೆ ನೋಡುವುದು ಮಾಟದ ಮೊದಲ ಪಾಠ. ಇಂದಿನ ಇಂಗ್ಲೆಂಡ್, ಅಮೆರಿಕಗಳಲ್ಲಿ ವಿಚ್‌ಕ್ರಾಫ್ಟ್ ಕಲಿಯಲು ಹೋದವರಿಗೂ ಮೊದಲು ಹೇಳಿಕೊಡುವುದು ಇದನ್ನೇ. ನಮ್ಮ ಪೂಜೆ, ಯೋಗ, ಶಿವಯೋಗಗಳಲ್ಲಿಯೂ ಇದೇ ವಿದ್ಯೆ ಬೇರೆ ಬೇರೆ ಹೆಸರಿನಲ್ಲಿದೆ. ಈ ಕಲಿಕೆಯ ಬಗ್ಗೆ ನಮಗೆ ಏನೇನು ಗೊತ್ತಿದೆ ಎಂದು ಒಂದೆಡೆ ಇಟ್ಟು ನೋಡುವುದು ಈ ಬರಹದ ಉದ್ದೇಶ.

ಕನ್ನಡದಲ್ಲಿ ಮಾಟ ಎಂಬ ಮಾತಿಗೆ ಎರಡು ಮುಖ. 'ಮಾಟವಾದ ಮೂಗು' ಎಂದಾಗ ಅದು ಅಚ್ಚುಕಟ್ಟಾದ ಆಕಾರ, ಕೈಕೆಲಸದ ಚೆಲುವು. 'ಮಾಟ ಮಾಡಿಸಿದ್ದಾರೆ' ಎಂದಾಗ ಎದೆ ನಡುಗುತ್ತದೆ. ಎರಡಕ್ಕೂ ಬೇರು 'ಮಾಡು'. ರೂಪ ಕೊಡುವ ಕೆಲಸಕ್ಕೂ ಕೇಡು ಮಾಡುವ ಕೆಲಸಕ್ಕೂ ಭಾಷೆ ಒಂದೇ ಹೆಸರಿಟ್ಟಿದೆ. ಸಂಸ್ಕೃತದ 'ಭಾವನೆ'ಯೂ ಹೀಗೆಯೇ: ಆಗುವಂತೆ ಮಾಡುವುದು, ಉಂಟುಮಾಡುವುದು ಎಂಬುದು ಅದರ ಮೂಲ ಅರ್ಥ. ಇನ್ನು ಬರಿಯ ಕಲ್ಪನೆಯನ್ನು ನಾವು ಹಗುರವಾಗಿ 'ಮನಸ್ಸಿನಲ್ಲೇ ಮಂಡಿಗೆ ತಿನ್ನುವುದು' ಎನ್ನುತ್ತೇವೆ. ಆದರೆ ಮಂಡಿಗೆಯ ಪದರು, ತುಪ್ಪದ ಘಮ, ಸಕ್ಕರೆಯ ಹುಡಿಯನ್ನೆಲ್ಲ ಮನಸ್ಸಿನಲ್ಲಿ ತಪ್ಪದೆ ಕಟ್ಟಬಲ್ಲವರು ಎಷ್ಟು ಮಂದಿ? ಹೊಟ್ಟೆ ತುಂಬದಿದ್ದರೂ ಬಾಯಲ್ಲಿ ನೀರಂತೂ ಬರುತ್ತದೆ.

ಅಕ್ಕನಿಗೆ ಹೇಳಿಕೊಟ್ಟ ಕಥೆಯ ಜಾಡು ಹಿಡಿದು ಹೋದರೆ ಬಹುದೂರ ಹೋಗಬೇಕಾಗುತ್ತದೆ. ಎಡ್ವರ್ಡ್ ಲೇನ್ ಎಂಬ ಇಂಗ್ಲಿಷ್ ವಿದ್ವಾಂಸ ಈಜಿಪ್ಟಿನ ಜನಜೀವನವನ್ನು ಕುರಿತು 1836ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕೈರೋದ ಒಂದು ಪ್ರಯೋಗದ ವರ್ಣನೆಯಿದೆ. ಹುಡುಗನ ಅಂಗೈಯಲ್ಲಿ ಶಾಯಿ ಸುರಿದು ಅದರೊಳಗೆ ನೋಡು ಎನ್ನುತ್ತಾರೆ. ಮೊದಲು ಒಬ್ಬ ನೆಲ ಗುಡಿಸುವುದು ಕಾಣುತ್ತದೆ. ಆಮೇಲೆ ಬಣ್ಣಬಣ್ಣದ ಬಾವುಟಗಳು, ಡೇರೆ, ಸೈನಿಕರು, ಕೊನೆಗೆ ಸುಲ್ತಾನ. ಇದಕ್ಕೆ ನಾಲ್ಕು ವರ್ಷ ಮೊದಲು, 1832ರಲ್ಲಿ, ಜಾಫರ್ ಷರೀಫ್ ಬರೆದು ಹರ್ಕ್ಲಾಟ್ಸ್ ಇಂಗ್ಲಿಷಿಗೆ ತಂದ 'ಕಾನೂನ್-ಎ-ಇಸ್ಲಾಂ' ಎಂಬ ಗ್ರಂಥ ಬಂದಿತ್ತು. ದಕ್ಷಿಣ ಭಾರತದ ಮುಸ್ಲಿಮರ ಆಚರಣೆಗಳನ್ನು ದಾಖಲಿಸಿದ ಆ ಪುಸ್ತಕದಲ್ಲಿ ಬರುವ, ಜಿನ್‌ಗಳನ್ನು ಕರೆಸುವ ಹಾಜರಾತ್ ವಿಧಿಯಲ್ಲಿಯೂ ಗುಡಿಸುವ ಫರಾಶ, ನೀರು ಚಿಮುಕಿಸುವವನು, ಹಾಸು, ಸಿಂಹಾಸನ, ಅದರ ಮೇಲೆ ಜಿನ್‌ಗಳ ರಾಜ, ಇದೇ ಕ್ರಮ. ನಮ್ಮ ಸೀಮೆಯ ಅಂಜನದಲ್ಲಿ ಆ ಗದ್ದುಗೆಯ ಮೇಲೆ ಹನುಮಂತ ಕುಳಿತಿದ್ದಾನೆ. ಗುಡಿಸುವವನು ಮಾತ್ರ ಬದಲಾಗಿಲ್ಲ.

ಇದು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ಚರ್ಚೆಯನ್ನು ನಾನು ಬೆಳೆಸುವುದಿಲ್ಲ. ಪದ್ಧತಿಯಂತೂ ಹಳೆಯದು. ಪಾಲಿ ದೀಘನಿಕಾಯದ ಬ್ರಹ್ಮಜಾಲ ಸುತ್ತದಲ್ಲಿ, ಭಿಕ್ಷುಗಳು ಹೊಟ್ಟೆಪಾಡಿಗೆ ಮಾಡಬಾರದ ವಿದ್ಯೆಗಳ ಪಟ್ಟಿಯೊಳಗೆ ಕನ್ನಡಿಯನ್ನು ಪ್ರಶ್ನೆ ಕೇಳುವುದು, ಕುಮಾರಿಯ ಮೂಲಕ ಪ್ರಶ್ನೆ ಕೇಳುವುದು ಎರಡೂ ಬರುತ್ತವೆ. ಮುಂದೆ ತಂತ್ರಗ್ರಂಥಗಳಲ್ಲಿ ಹೆಬ್ಬೆರಳು, ಕತ್ತಿಯ ಅಲಗು, ಕನ್ನಡಿ, ದೀಪ ಇವುಗಳಲ್ಲಿ ಮಕ್ಕಳಿಗೆ ರೂಪ ಕಾಣಿಸುವ ವಿಧಿಗಳಿವೆ. ಎಲ್ಲೆಡೆ ಬೇಕಾದದ್ದು ಒಂದು ಹೊಳೆಯುವ ಮೇಲ್ಮೈ, ಮಂದ ಬೆಳಕು, ಒಂದು ಮಗು. ದೊಡ್ಡವರ ಕಣ್ಣಿಗೆ ಅಂಜನ ಹತ್ತುವುದಿಲ್ಲ ಎನ್ನುವ ಮಾತು ನಮ್ಮಲ್ಲಿದೆ. ಕಾಲು ಮುಂದಾಗಿ ಹುಟ್ಟಿದವರಿಗೆ ಹತ್ತುತ್ತದೆ ಎಂಬ ನಂಬಿಕೆಯೂ ಇದೆ.

ಗುಡಿಸುವವನೇ ಮೊದಲು ಬರುವುದೇಕೆ? ನನಗೆ ಹೊಳೆಯುವುದು ಇಷ್ಟು. ಕಲಿಯುವವರಿಗೆ ಒಮ್ಮೆಲೇ ದೇವರನ್ನು ಕಾಣು ಎಂದರೆ ಕಾಣುವುದಿಲ್ಲ. ಬರಿ ಬಯಲು ಕಾಣು ಎಂದರೆ ಕಪ್ಪೇ ಬಯಲಾಗುತ್ತದೆ. ಆ ಬಯಲಲ್ಲಿ ಏನೋ ಅಲುಗಿದರೆ ಸಾಕು, ಅದು ಪೊರಕೆ. ದೀಪದ ಕುಡಿ ಕದಲಿದಾಗ, ಮಗುವಿನ ಕೈ ನಡುಗಿದಾಗ ಎಣ್ಣೆಗಪ್ಪಿನಲ್ಲಿ ಹೊಳಪು ಅತ್ತಿತ್ತ ಜರುಗುತ್ತದೆ. ಗುಡಿಸುವವನ ಕೈ ಅತ್ತಿತ್ತ ಆಡುವುದೂ ಹಾಗೆಯೇ. ನೀರು ಚಿಮುಕಿದ ಕಡೆ ಹೊಳಪು ಚುಕ್ಕಿ ಚುಕ್ಕಿಯಾಗುತ್ತದೆ. ಹೀಗೆ ಸುಲಭದ್ದರಿಂದ ಕಷ್ಟದ್ದಕ್ಕೆ, ಚಲನೆಯಿಂದ ಆಕಾರಕ್ಕೆ, ಆಕಾರದಿಂದ ಮುಖಕ್ಕೆ ಮಗುವನ್ನು ಕೈಹಿಡಿದು ನಡೆಸುತ್ತಾರೆ. ಇದನ್ನು ಕಟ್ಟಿದವರು ಯಾರೋ, ಕಲಿಸುವುದನ್ನು ಚೆನ್ನಾಗಿ ಬಲ್ಲವರು.

ಕಣ್ಣು ತನ್ನ ಪಾಲಿನ ಕೆಲಸವನ್ನೂ ಮಾಡುತ್ತದೆ. ಒಂದೇ ಬಿಂದುವನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದರೆ ಅದರ ಸುತ್ತಲಿನದು ಮಸುಕಾಗಿ ಮಾಯವಾಗುತ್ತದೆ. ಇದನ್ನು ಸ್ವಿಟ್ಜರ್ಲೆಂಡಿನ ವೈದ್ಯ ಟ್ರಾಕ್ಸ್ಲರ್ 1804ರಲ್ಲೇ ವಿವರಿಸಿದ. ಬದಲಾಗದ ಸುದ್ದಿಯನ್ನು ನರಗಳು ಮುಂದಕ್ಕೆ ಕಳಿಸುವುದನ್ನು ನಿಲ್ಲಿಸುತ್ತವೆ. ಖಾಲಿಯಾದ ಜಾಗವನ್ನು ಮಿದುಳು ತನಗೆ ತೋಚಿದ್ದರಿಂದ ತುಂಬುತ್ತದೆ. ಇಟಲಿಯ ಜೊವಾನಿ ಕಾಪುಟೊ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 50 ಮಂದಿಯನ್ನು ಮಂದ ಬೆಳಕಿನಲ್ಲಿ ಕನ್ನಡಿಯ ಮುಂದೆ 10 ನಿಮಿಷ ಕೂರಿಸಿದ್ದರು. ತಮ್ಮ ಮುಖ ವಿಕಾರವಾದದ್ದನ್ನು ಕಂಡವರು ನೂರಕ್ಕೆ 66. ಸತ್ತ ಹಿರಿಯರ ಮುಖ, ಪ್ರಾಣಿಯ ಮುಖ, ಗುರುತಿಲ್ಲದ ಮುದುಕಿಯ ಮುಖ ಕಂಡವರೂ ಇದ್ದರು. ಅವರಿಗೆ ಯಾರೂ ಮಂತ್ರ ಹೇಳಿರಲಿಲ್ಲ.

ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಅಮೆರಿಕದ ಚೀವ್ಸ್ ಪರ್ಕಿ 1910ರಲ್ಲಿ ಕೆಲವರನ್ನು ಒಂದು ತೆರೆಯ ಮುಂದೆ ಕೂರಿಸಿ, ಅದರ ಮೇಲೆ ಬಾಳೆಹಣ್ಣು, ಎಲೆ, ನಿಂಬೆಹಣ್ಣು ಮುಂತಾದವನ್ನು ಕಲ್ಪಿಸಿಕೊಳ್ಳಿ ಎಂದಳು. ಅವರಿಗೆ ತಿಳಿಯದಂತೆ ಹಿಂದಿನಿಂದ ಅದೇ ವಸ್ತುಗಳ ತೀರ ಮಂದವಾದ ಚಿತ್ರಗಳನ್ನು ತೆರೆಯ ಮೇಲೆ ಮೂಡಿಸಿದಳು. ಕಂಡದ್ದನ್ನು ಅವರು ತಮ್ಮ ಕಲ್ಪನೆಯೆಂದೇ ತಿಳಿದರು. ಹೊರಗಿನದು ಒಳಗಿನದಾಗಿ ತೋರಿತು. ಅಂಜನದಲ್ಲಿ ಒಳಗಿನದು ಹೊರಗಿನದಾಗಿ ತೋರುತ್ತದೆ. ನೋಡುವುದಕ್ಕೂ ನೆನೆಯುವುದಕ್ಕೂ ನಡುವಿನ ಗೋಡೆ ನಾವೆಣಿಸಿದಷ್ಟು ದಪ್ಪಗಿಲ್ಲ.

ಕಲಿಸುವ ಕ್ರಮವನ್ನು ಅತ್ಯಂತ ಬಿಚ್ಚುಮನಸ್ಸಿನಿಂದ ಬರೆದಿಟ್ಟಿರುವುದು ಐದನೆಯ ಶತಮಾನದ ಬುದ್ಧಘೋಷನ 'ವಿಸುದ್ಧಿಮಗ್ಗ'. ಅದರ ಕಸಿಣ ಅಭ್ಯಾಸವನ್ನು ಓದಿದರೆ ಒಳ್ಳೆಯ ಮೇಷ್ಟ್ರ ಪಕ್ಕ ಕುಳಿತಂತಾಗುತ್ತದೆ. ಮುಂಜಾನೆಯ ಬಣ್ಣದ ಮಣ್ಣನ್ನು ತಂದು, ಕಡ್ಡಿ ಕಲ್ಲು ಆರಿಸಿ, ಒಂದು ಗೇಣು ನಾಲ್ಕು ಬೆರಳಗಲದ ಬಿಲ್ಲೆ ಮಾಡಿ ನುಣುಪಾಗಿ ತಿಕ್ಕಬೇಕು. ತೀರ ಹತ್ತಿರವೂ ಅಲ್ಲ, ದೂರವೂ ಅಲ್ಲ ಎಂಬಂತೆ ಕೂರಬೇಕು. ಕಣ್ಣನ್ನು ಅತಿಯಾಗಿ ಅರಳಿಸಿದರೆ ದಣಿಯುತ್ತದೆ, ಅರಳಿಸದಿದ್ದರೆ ಬಿಲ್ಲೆ ಸ್ಪಷ್ಟವಾಗುವುದಿಲ್ಲ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಷ್ಟು ತೆರೆದರೆ ಸಾಕು. ಒಮ್ಮೆ ಕಣ್ಣು ತೆರೆದು, ಒಮ್ಮೆ ಮುಚ್ಚಿ, ನೂರು ಸಲ, ಸಾವಿರ ಸಲ, ಮುಚ್ಚಿದಾಗಲೂ ತೆರೆದಾಗ ಕಂಡಂತೆಯೇ ಕಾಣುವ ತನಕ ನೋಡಬೇಕು. ಆಮೇಲೆ ಬಿಲ್ಲೆಯ ಹತ್ತಿರ ಕೂರಬಾರದು, ಎದ್ದು ತನ್ನ ಕೋಣೆಗೆ ಹೋಗಿ ಅಲ್ಲಿ ಮುಂದುವರಿಸಬೇಕು. ರೂಪ ಅಳಿಸಿಹೋದರೆ ಮತ್ತೆ ಬಂದು ನೋಡಿ ಹೋಗಬೇಕು. ಮೊದಮೊದಲು ಮೂಡುವ ರೂಪದಲ್ಲಿ ಬಿಲ್ಲೆಯ ಕಲೆ, ಬೆರಳ ಗುರುತುಗಳೂ ಇರುತ್ತವೆ. ಅಭ್ಯಾಸ ಬಲಿತಾಗ ಅವೆಲ್ಲ ಕಳಚಿ, ಮೋಡದಿಂದ ಹೊರಬಂದ ಚಂದ್ರನಂಥ ಶುದ್ಧ ರೂಪ ಏಳುತ್ತದೆ. ಈ ಎರಡನ್ನು ಬೇರೆ ಬೇರೆ ಹೆಸರಿಟ್ಟು ಗುರುತಿಸಿದ್ದಾರೆ. ಇಂದಿನ ಮನಶ್ಶಾಸ್ತ್ರದ ಯಾವ ಪಠ್ಯವೂ ಹೊಸಬರಿಗೆ ಇಷ್ಟು ಸಹಾನುಭೂತಿಯಿಂದ ಹೇಳಿಕೊಟ್ಟದ್ದನ್ನು ನಾನು ಕಂಡಿಲ್ಲ.

ಹಠಯೋಗಪ್ರದೀಪಿಕೆಯ ತ್ರಾಟಕ ಇದಕ್ಕೆ ಹತ್ತಿರದ್ದು: ಸಣ್ಣ ಗುರಿಯೊಂದನ್ನು ಕಣ್ಣೀರು ಬರುವ ತನಕ ಎವೆಯಿಕ್ಕದೆ ನೋಡುವುದು. ಆದರೆ ನಮ್ಮ ಸೀಮೆಯವರಿಗೆ ಅದಕ್ಕಿಂತ ಹತ್ತಿರದ್ದು ಇಷ್ಟಲಿಂಗ. ಹೊನ್ನಾಳಿಯ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ, 1162ರ ಕೋಡಿಯಮಠದ ಶಾಸನ ಅಲ್ಲಿ ಓದಿಸುತ್ತಿದ್ದ ವಿದ್ಯೆಗಳಲ್ಲಿ ಯೋಗಶಾಸ್ತ್ರಗಳನ್ನೂ ಹೆಸರಿಸುತ್ತದೆ. ಅದೇ ಬಳ್ಳಿಗಾವಿಯವನೆಂದು ಹೇಳುವ ಅಲ್ಲಮನ ಕಥೆಯಲ್ಲಿ ಒಂದು ಗಳಿಗೆಯಿದೆ. ಪ್ರಿಯೆಯನ್ನು ಕಳೆದುಕೊಂಡು ಅಲೆಯುತ್ತಿದ್ದ ಅವನಿಗೆ ನೆಲದಲ್ಲಿ ಹೂತ ಗುಡಿಯೊಂದರ ಕಳಸ ಕಾಣುತ್ತದೆ. ಅಗೆಸಿ ಒಳಹೊಕ್ಕರೆ ಯೋಗಿಯೊಬ್ಬ ಕೈಯಲ್ಲಿ ಲಿಂಗ ಹಿಡಿದು ಅದರಲ್ಲೇ ದೃಷ್ಟಿ ನೆಟ್ಟು ಕುಳಿತಿದ್ದಾನೆ. ಅವನ ಹೆಸರೇ ಅನಿಮಿಷ, ಎವೆಯಿಕ್ಕದವನು. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ.

ಇಷ್ಟಲಿಂಗ ಪೂಜೆಗೆ ಕುಳಿತ ಹಿರಿಯರನ್ನು ನೋಡಿದಾಗಲೆಲ್ಲ ನನಗೆ ಅಕ್ಕನ ಕೈಯ ವೀಳ್ಯದೆಲೆ ನೆನಪಾಗುತ್ತದೆ. ಅದೇ ಎಡಗೈ, ಅದೇ ಕಪ್ಪು ಹೊಳಪು, ಅದೇ ದೀಪದ ಪ್ರತಿಬಿಂಬ, ಅದೇ ನೆಟ್ಟ ನೋಟ. ದೇಹದ ಮಟ್ಟಿಗೆ ಎರಡೂ ಒಂದೇ ಸಾಧನ. ನೋಟ ಹೋಗುವ ದಿಕ್ಕು ಮಾತ್ರ ಬೇರೆ. ಶಿವಯೋಗದಲ್ಲಿ ಕೈಯಲ್ಲಿರುವುದು ಇಷ್ಟಲಿಂಗ, ಅದು ಒಳಗೆ ಪ್ರಾಣಲಿಂಗವಾಗಿ, ಕೊನೆಗೆ ಭಾವಲಿಂಗವಾಗಿ ರೂಪ ಕರಗುತ್ತದೆ. ಕಟ್ಟಿದ್ದನ್ನು ಬಿಡುವುದನ್ನೂ ಕಲಿಸುತ್ತಾರೆ. ಸಾಮಾನ್ಯ ಪೂಜೆಯಲ್ಲಿಯೂ ಆವಾಹನೆ ಮಾಡಿದ ಮೇಲೆ ವಿಸರ್ಜನೆ ಉಂಟು. ಅಕ್ಕನಿಗೆ ಆವಾಹನೆ ಮಾಡಿಸಿದರು. ವಿಸರ್ಜನೆಯ ಮಾತನ್ನು ಯಾರೂ ಎತ್ತಲಿಲ್ಲ. ಎಲೆಯನ್ನು ಒರೆಸಿ ಎಸೆದು, ಆಕೆ ಕಂಡದ್ದನ್ನು ಮಾತ್ರ ಹೊರಗೊಯ್ದರು.

ಮನಸ್ಸಿನಲ್ಲೇ ಕಟ್ಟುವುದನ್ನು ಕೊಂಡಾಡುವ ಕಥೆಗಳಲ್ಲಿ ತಮಿಳಿನ ಪೂಸಲಾರ್ ನಾಯನಾರನದು ನನಗೆ ತೀರ ಪ್ರಿಯ. ಬಡವ. ಗುಡಿ ಕಟ್ಟಿಸುವ ಆಸೆ, ಕಾಸಿಲ್ಲ. ಮನಸ್ಸಿನಲ್ಲೇ ಅಡಿಪಾಯ ತೋಡಿ, ಕಲ್ಲಿನ ಮೇಲೆ ಕಲ್ಲಿಟ್ಟು, ದಿನಗಟ್ಟಲೆ ದುಡಿದು ಶಿಖರ ಮುಗಿಸಿದ. ಅವನ ಕುಂಭಾಭಿಷೇಕದ ದಿನವೂ ಕಂಚಿಯಲ್ಲಿ ಪಲ್ಲವರಾಜ ಕಲ್ಲಿನಲ್ಲಿ ಕಟ್ಟಿಸಿದ ದೇಗುಲದ ದಿನವೂ ಒಂದೇ ಆದಾಗ, ಶಿವ ರಾಜನಿಗೆ ನಿನ್ನದನ್ನು ಮುಂದೂಡು ಎಂದು ಕನಸಿನಲ್ಲಿ ಹೇಳಿದನಂತೆ. ಕಥೆಯ ಜೀವವಿರುವುದು ಒಂದೊಂದೇ ಕಲ್ಲಿನಲ್ಲಿ. ಪೂಸಲಾರ್ ಅವಸರ ಮಾಡಲಿಲ್ಲ.

ಪಶ್ಚಿಮದ ವಿಚ್‌ಕ್ರಾಫ್ಟಿಗೆ ಈ ಅಭ್ಯಾಸ ಹೋದ ದಾರಿಯಲ್ಲಿ ನಮ್ಮ ದೇಶದ ಮಣ್ಣೂ ಸ್ವಲ್ಪ ಅಂಟಿದೆ. ಭೂತಶುದ್ಧಿಯಲ್ಲಿ ಪೃಥ್ವಿಯನ್ನು ಹಳದಿ ಚೌಕವಾಗಿ, ಜಲವನ್ನು ಬಿಳಿಯ ಅರ್ಧಚಂದ್ರವಾಗಿ, ಅಗ್ನಿಯನ್ನು ಕೆಂಪು ತ್ರಿಕೋನವಾಗಿ ಭಾವಿಸುವುದುಂಟು. ರಾಮಪ್ರಸಾದ ಎಂಬವರು ತತ್ತ್ವಗಳನ್ನೂ ಸ್ವರಶಾಸ್ತ್ರವನ್ನೂ ಕುರಿತು ಇಂಗ್ಲಿಷಿನಲ್ಲಿ ಬರೆದ ಪುಸ್ತಕವನ್ನು ಥಿಯೊಸಾಫಿಕಲ್ ಸೊಸೈಟಿ 1890ರಲ್ಲಿ ಪ್ರಕಟಿಸಿತು. 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ್ದ 'ಗೋಲ್ಡನ್ ಡಾನ್' ಎಂಬ ಗುಪ್ತಮಂಡಲಿ ಈ ಆಕಾರಗಳನ್ನು ತೆಗೆದುಕೊಂಡು ಬಣ್ಣದ ಚೀಟಿಗಳನ್ನು ಮಾಡಿಕೊಂಡಿತು. ಹೊಸಬರು ಕೆಂಪು ತ್ರಿಕೋನವನ್ನು ದಿಟ್ಟಿಸಿ, ಕಣ್ಣು ಸರಿಸಿದಾಗ ತೇಲುವ ಹಸಿರು ತ್ರಿಕೋನವನ್ನು ಹಿಡಿದು ನಿಲ್ಲಿಸಿ, ಅದನ್ನು ಬಾಗಿಲೆಂದು ಭಾವಿಸಿ ಒಳಗೆ ನಡೆಯಬೇಕಿತ್ತು. ಇಂಥ ಅಭ್ಯಾಸವೇ ಮುಂದೆ ವಿಚ್‌ಕ್ರಾಫ್ಟಿಗೂ ಬಂತು. ಬ್ರಿಟನ್ನಿನಲ್ಲಿ 1735ರ ವಿಚ್‌ಕ್ರಾಫ್ಟ್ ಕಾಯ್ದೆ ರದ್ದಾದದ್ದು 1951ರಲ್ಲಿ. ಜೆರಾಲ್ಡ್ ಗಾರ್ಡ್ನರ್ ತನ್ನ ಪುಸ್ತಕದ ಮೂಲಕ ಹೊಸ ವಿಚ್‌ಕ್ರಾಫ್ಟನ್ನು ಜಗತ್ತಿಗೆ ತಿಳಿಸಿದ್ದು 1954ರಲ್ಲಿ.

ಆ ಲಂಡನ್ನಿನಲ್ಲಿ ಇದನ್ನು ಕಲಿತು ನೋಡಿ ಬರೆದವರು ಮಾನವಶಾಸ್ತ್ರಜ್ಞೆ ತಾನ್ಯಾ ಲುಹ್ರ್ಮನ್. ಅವರ ಪುಸ್ತಕ ಬಂದದ್ದು 1989ರಲ್ಲಿ. ಓದಿದವರು, ಒಳ್ಳೆಯ ನೌಕರಿಯಲ್ಲಿದ್ದವರು ಮಾಟವನ್ನು ಹೇಗೆ ನಂಬುತ್ತಾರೆ ಎಂದು ತಿಳಿಯಲು ಹೋದ ಅವರು ತಾವೇ ಹೊಸ ಕಲಿಕೆಯವರಾಗಿ ಸೇರಿದರು. ದಿನಕ್ಕೆ ಸುಮಾರು ಅರ್ಧ ಗಂಟೆ, ತಿಂಗಳುಗಟ್ಟಲೆ ಕಣ್ಣು ಮುಚ್ಚಿ ಹೇಳಿಕೊಟ್ಟ ದೃಶ್ಯಗಳನ್ನು ಕಟ್ಟಿದರು. ಅವರ ಮನಸ್ಸಿನ ಚಿತ್ರಗಳು ನಿಜವಾಗಿ ಚುರುಕಾದವು, ಹೆಚ್ಚು ಹೊತ್ತು ನಿಂತವು. ಒಂದು ಬೆಳಗ್ಗೆ ಎಚ್ಚರವಾದಾಗ ಕಿಟಕಿಯ ಹತ್ತಿರ ಆರು ಮಂದಿ ಡ್ರೂಯಿಡ್ ಪುರೋಹಿತರು ನಿಂತದ್ದನ್ನು ಕಂಡರು. ದಡಕ್ಕನೆ ಎದ್ದೊಡನೆ ಅವರಿಲ್ಲ. ಹಿಂದಿನ ರಾತ್ರಿ ಅವರು ಪ್ರಾಚೀನ ಬ್ರಿಟನ್ನಿನ ಕಾದಂಬರಿಯೊಂದನ್ನು ಓದುತ್ತಿದ್ದರು. ಅಕ್ಕನ ಹಸಿರು ಸೀರೆ ಅಂಗಳದಿಂದ ಬಂದ ಹಾಗೆ ಲುಹ್ರ್ಮನ್ ಅವರ ಡ್ರೂಯಿಡರು ಪುಸ್ತಕದಿಂದ ಬಂದಿದ್ದರು.

ಮುಂದೆ ಅವರು ಪ್ರಾರ್ಥನೆ ಮಾಡುವ ಕ್ರೈಸ್ತರಲ್ಲಿಯೂ ಇದನ್ನು ಪರೀಕ್ಷಿಸಿದರು. ನೂರಕ್ಕೂ ಹೆಚ್ಚು ಜನ, ದಿನಕ್ಕೆ 30 ನಿಮಿಷ, ಒಂದು ತಿಂಗಳು. ಬೈಬಲ್ಲಿನ ಸನ್ನಿವೇಶವನ್ನು ಕಣ್ಣು, ಕಿವಿ, ಮೂಗಿನಿಂದ ಅನುಭವಿಸುವಂತೆ ಕಲ್ಪಿಸಿದವರಲ್ಲಿ ಮನಸ್ಸಿನ ಚಿತ್ರಗಳು ಹೆಚ್ಚು ಸ್ಪಷ್ಟವಾದವು. ಹುಟ್ಟಿನಿಂದ ಬಂದ ತಲ್ಲೀನತೆ ಒಂದು, ಅಭ್ಯಾಸ ಇನ್ನೊಂದು. ಎರಡೂ ಸೇರಿದರೆ ಕಾಣತೊಡಗುತ್ತದೆ. ಅವರ ಇನ್ನೊಂದು ಮಾತು ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಜನ ಮೊದಲು ನಂಬಿ ಆಮೇಲೆ ಅಭ್ಯಾಸ ಮಾಡುವುದಿಲ್ಲ. ಆಟದಂತೆ ಅಭ್ಯಾಸ ಮಾಡುತ್ತ ಮಾಡುತ್ತ ಅರ್ಥ ಮೆಲ್ಲಗೆ ಜಾರುತ್ತದೆ, ಒಂದು ದಿನ ನೋಡಿದರೆ ನಂಬಿಕೆಯ ದಂಡೆಯಲ್ಲಿರುತ್ತಾರೆ. ಅಕ್ಕನಿಗೂ ಮೊದಲ "ಹ್ಞೂಂ" ಕೇಳಿದವರ ಒತ್ತಾಯಕ್ಕೆ, ಎರಡನೆಯದು ಆಟಕ್ಕೆ. ಸ್ವಾಮಿ ಬಂದು ಕೂತ ಹೊತ್ತಿಗೆ ಅವಳು ನೋಡುತ್ತಿದ್ದಳು.

ಎಲ್ಲರಿಗೂ ಕಾಣುತ್ತದೆಯೇ? ಇಲ್ಲ. ಫ್ರಾನ್ಸಿಸ್ ಗಾಲ್ಟನ್ 1880ರಲ್ಲಿ ತನ್ನ ಪರಿಚಯದವರಿಗೆ, ಬೆಳಗ್ಗೆ ಕುಳಿತ ತಿಂಡಿಯ ಮೇಜನ್ನು ನೆನೆದು ಏನು ಕಾಣುತ್ತದೆ ಹೇಳಿ ಎಂದು ಬರೆದು ಕೇಳಿದ. ಕೆಲವರಿಗೆ ತಟ್ಟೆಯ ಅಂಚಿನ ಬಣ್ಣವೂ ಕಂಡರೆ, ಹಲವು ವಿಜ್ಞಾನಿಗಳು ಮನಸ್ಸಿನ ಚಿತ್ರ ಎಂಬುದೇ ಬರಿಯ ಮಾತಿನ ಅಲಂಕಾರವೆಂದು ತಿಳಿದಿದ್ದರು. ಹೀಗೆ ಏನೂ ಕಾಣದಿರುವುದಕ್ಕೆ ಆಡಮ್ ಝೀಮನ್ 2015ರಲ್ಲಿ 'ಅಫ್ಯಾಂಟೇಸಿಯಾ' ಎಂದು ಹೆಸರಿಟ್ಟರು. ನೂರರಲ್ಲಿ ಒಂದರಿಂದ ನಾಲ್ಕು ಮಂದಿ ಹೀಗಿರಬಹುದೆಂಬ ಅಂದಾಜಿದೆ. ಅವರು ಚೆನ್ನಾಗಿಯೇ ಬದುಕುತ್ತಾರೆ, ಚಿತ್ರ ಬರೆಯುವವರೂ ಅವರಲ್ಲಿದ್ದಾರೆ. ಧ್ಯಾನಕ್ಕೆ ಕುಳಿತು ಏನೂ ಕಾಣಲಿಲ್ಲವೆಂದು ತಮ್ಮನ್ನು ಪಾಪಿಗಳೆಂದುಕೊಂಡವರನ್ನು ನಾನು ಬಲ್ಲೆ. ಅವರಿಗೆ ಈ ಸುದ್ದಿಯನ್ನು ತಿಳಿಸಬೇಕು. ಕಾಣದಿದ್ದವರಿಗೆ ಕೇಳಿಸಬಹುದು, ಮೈಗೆ ತಿಳಿಯಬಹುದು. ಜಪಕ್ಕೆ ನಮ್ಮಲ್ಲಿರುವ ಸ್ಥಾನ ಸುಮ್ಮನೆ ಬಂದದ್ದಲ್ಲ.

ಕಲಿಯಬೇಕೆನ್ನುವವರಿಗೆ ನಿಂಬೆಹಣ್ಣಿಗಿಂತ ಒಳ್ಳೆಯ ಮೊದಲ ಪಾಠವಿಲ್ಲ. ಹಣ್ಣನ್ನು ಕೈಯಲ್ಲಿ ಹಿಡಿದು, ತೂಕ ನೋಡಿ, ಸಿಪ್ಪೆಯ ಸಣ್ಣ ಕುಳಿಗಳನ್ನು ಬೆರಳಿಂದ ಮುಟ್ಟಿ, ಮೂಸಿ, ಕೆಳಗಿಡಿ. ಕಣ್ಣು ಮುಚ್ಚಿ ಅದನ್ನೇ ಮತ್ತೆ ಕೈಗೆ ತಂದುಕೊಳ್ಳಿ. ಬಣ್ಣ ಬರದಿದ್ದರೆ ವಾಸನೆಯಿಂದ ಶುರು ಮಾಡಿ. ಕೊಯ್ದು ನಾಲಿಗೆಗೆ ಹಿಂಡಿಕೊಂಡರೆ ಜೊಲ್ಲು ಒಸರುತ್ತದೆ. ಇಲ್ಲದ ಹಣ್ಣು ಇರುವ ಮೈಯನ್ನು ಅಲುಗಿಸಿತು. ಮೂರು ದಾರಿ ಕೂಡುವಲ್ಲೋ ಮನೆಯ ಮುಂದೆಯೋ ಕುಂಕುಮ ಬಳಿದು ಇಟ್ಟ ನಿಂಬೆಹಣ್ಣು ಕೆಲಸ ಮಾಡುವುದೂ ಇದೇ ದಾರಿಯಲ್ಲಿ. ಬೆಳಗ್ಗೆ ಹೊಸ್ತಿಲ ಮುಂದೆ ಅದನ್ನು ಕಂಡ ಮನೆಯವರು ಹೊಟ್ಟೆನೋವನ್ನು, ಸತ್ತ ಕರುವನ್ನು, ಮುರಿದ ಮದುವೆಯನ್ನು ತಾವೇ ಕಲ್ಪಿಸಿಕೊಳ್ಳುತ್ತಾರೆ. ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಕೆಲವೇ ದಿನಗಳಲ್ಲಿ ಮೈ ಇಳಿಯುತ್ತದೆ. ಮಾಟದಲ್ಲಿ ಮನಸ್ಸಿನ ಚಿತ್ರ ಕಟ್ಟುವ ಕೆಲಸವನ್ನು ಮಾಡಿಸಿದವರಿಗಿಂತ ಹೆಚ್ಚಾಗಿ ಮಾಡುವವರು ಮಾಡಿಸಿಕೊಂಡವರೇ. ಭಯ ದೇಹವನ್ನು ಎಷ್ಟು ದೂರ ಎಳೆದೊಯ್ಯಬಲ್ಲುದು ಎಂಬುದನ್ನು ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1942ರಲ್ಲಿ ಗಂಭೀರವಾಗಿ ಚರ್ಚಿಸಿದ್ದಾನೆ. ಮಾಟಕ್ಕೆ ಗುರಿಯಾದೆನೆಂದು ನಂಬಿ ಸತ್ತವರ ವರದಿಗಳೇ ಅವನ ಲೇಖನದ ವಸ್ತು.

ಕೈಯ ಮೇಲೂ ಇದರ ಹಿಡಿತವಿದೆ. ಬರದ ಸೀಮೆಯಾದ ಜಗಳೂರಿನಲ್ಲಾಗಲಿ, ತೋಟ ಒಣಗುವ ಬೇಸಿಗೆಯಲ್ಲಿ ನಮ್ಮ ಚನ್ನಗಿರಿ ಕಡೆಯಾಗಲಿ, ಬೋರ್‌ವೆಲ್ ಕೊರೆಸುವ ಮೊದಲು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತುವವರನ್ನು ಕರೆಸುತ್ತಾರೆ. ಕಾಯಿ ಎದ್ದು ನಿಂತಲ್ಲಿ ಪಾಯಿಂಟು. ಕಾಯಿ ಏಳುವುದು ನಿಜ. ಫ್ರಾನ್ಸಿನ ರಸಾಯನವಿಜ್ಞಾನಿ ಶೆವ್ರಲ್ 1833ರಲ್ಲಿ ದಾರಕ್ಕೆ ಕಟ್ಟಿದ ಗುಂಡಿನಲ್ಲಿ ಇದನ್ನೇ ಕಂಡ: ಕಣ್ಣು ಬಿಟ್ಟಾಗ ತೂಗುತ್ತಿದ್ದ ಗುಂಡು ಕಣ್ಣಿಗೆ ಬಟ್ಟೆ ಕಟ್ಟಿದಾಗ ನಿಂತಿತು. ಮನಸ್ಸಿನಲ್ಲಿ ಮೂಡಿದ ಚಲನೆಯನ್ನು ಸ್ನಾಯುಗಳು ನಮಗರಿವಿಲ್ಲದೆ ಆಡಿಬಿಡುತ್ತವೆ. ಕಾಯಿ ಹಿಡಿದವರು ಮೋಸಗಾರರೆಂದು ನಾನು ಹೇಳಲಾರೆ. ಆದರೆ ಸಾಲ ತೆಗೆದು ನೂರಾರು ಅಡಿ ಕೊರೆಸಿ ಬರಿ ದೂಳು ಕಂಡ ರೈತನಿಗೆ ಅದರಿಂದ ಸಮಾಧಾನವಿಲ್ಲ.

ಅಪಾಯ ಶುರುವಾಗುವುದು ಮನಸ್ಸಿನಲ್ಲಿ ಕಂಡದ್ದನ್ನು ಇನ್ನೊಬ್ಬರ ಮೇಲೆ ಸಾಕ್ಷಿಯಾಗಿ ಬಳಸಿದಾಗ. ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರ ಪ್ರಯೋಗಗಳು ಇಲ್ಲಿ ಕಣ್ಣು ತೆರೆಸುತ್ತವೆ. 1995ರ ಒಂದು ಅಧ್ಯಯನದಲ್ಲಿ 24 ಮಂದಿಗೆ, ನೀವು ಚಿಕ್ಕಂದಿನಲ್ಲಿ ಅಂಗಡಿ ಸಾಲಿನಲ್ಲಿ ಕಳೆದುಹೋಗಿದ್ದಿರಿ ಎಂಬ ಕಟ್ಟುಕಥೆಯನ್ನು ನಿಜ ಘಟನೆಗಳ ನಡುವೆ ಸೇರಿಸಿ ಕೊಟ್ಟರು. ಸುಮಾರು ಕಾಲುಭಾಗದಷ್ಟು ಜನ ಅದು ತಮಗೆ ನೆನಪಿದೆ ಎಂದರು. ನಡೆಯದ ಘಟನೆಯನ್ನು ಒಮ್ಮೆ ಕಲ್ಪಿಸಿಕೊಂಡರೆ ಸಾಕು, ಅದು ನಡೆದಿತ್ತೆಂಬ ಭರವಸೆ ಏರುತ್ತದೆ ಎಂದು 1996ರ ಇನ್ನೊಂದು ಅಧ್ಯಯನ ತೋರಿಸಿತು. ಚೆನ್ನಾಗಿ ಕಾಣಬಲ್ಲವರು ಚೆನ್ನಾಗಿ ತಪ್ಪಲೂಬಲ್ಲರು. ಒಂಬತ್ತು ವರ್ಷದ ಮಗುವಿಗೆ, ದೊಡ್ಡವರು ಸುತ್ತುವರಿದು, ಉತ್ತರವನ್ನೂ ಪ್ರಶ್ನೆಯೊಳಗೇ ಇಟ್ಟು ಕೇಳಿದರೆ ತಪ್ಪದೆ ಇರುವುದು ಹೇಗೆ?

ಅಂಜನ ಹಾಕಿ ನಿಧಿ ಹುಡುಕುವವರ ಕೈಗೆ ಸಿಕ್ಕಿ ಹಾಳಾದ ಗುಡಿಗಳು, ಕಿತ್ತ ವೀರಗಲ್ಲುಗಳು ನಮ್ಮ ರಾಜ್ಯದಲ್ಲಿ ಕಡಿಮೆಯಿಲ್ಲ. ನಿಧಿಯ ಹೆಸರಿನಲ್ಲಿ ಬಲಿಯ ಮಾತೂ ಏಳುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿ ರಚಿಸಿದಾಗ, ಅದರ ಮುಂದೆ ಬಂದ ಹೆಸರಾದ ಪ್ರಕರಣಗಳಲ್ಲಿ ಒಂದು ಪವಾಡ ಮಾಡುತ್ತಾನೆ ಎನ್ನಲಾದ ಪಾಂಡವಪುರದ ಏಳು ವರ್ಷದ ಬಾಲಕನದು. ಅಲ್ಲಿಯೂ ಮಗುವೇ ಮುಂದೆ, ದೊಡ್ಡವರು ಹಿಂದೆ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕರ್ನಾಟಕದ ಕಾಯ್ದೆ 2017ರಲ್ಲಿ ಶಾಸನಸಭೆಯ ಒಪ್ಪಿಗೆ ಪಡೆದು 2020ರ ಜನವರಿಯಲ್ಲಿ ಜಾರಿಗೆ ಬಂತು. ಒಂದರಿಂದ ಏಳು ವರ್ಷದವರೆಗೆ ಜೈಲು, 5,000ದಿಂದ 50,000 ರೂಪಾಯಿವರೆಗೆ ದಂಡ. ನಿಧಿಗಾಗಿ ನಡೆಸುವ ಕ್ರೌರ್ಯ ಅದರ ವ್ಯಾಪ್ತಿಯಲ್ಲಿದೆ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಮನೆ ಮತ್ತು ಗುಡಿಯ ಪೂಜೆ, ಜ್ಯೋತಿಷ್ಯದ ಸಲಹೆ ಇವನ್ನು ಹೊರಗಿಟ್ಟಿದ್ದಾರೆ. ಜೀವಕ್ಕೂ ಮೈಗೂ ಹಾನಿಯಾದಾಗ ಕಾಯ್ದೆ ಎಚ್ಚೆತ್ತುಕೊಳ್ಳುತ್ತದೆ, ಅದು ಸರಿಯೇ. ಒಂದು ಸೀರೆಯ ಬಣ್ಣದಿಂದ ಒಬ್ಬ ಹೆಂಗಸಿನ ಸುಗ್ಗಿಯ ಕೂಲಿ ಹೋದದ್ದು ಯಾವ ಕಲಮಿಗೂ ನಿಲುಕದು. ಅದನ್ನು ಮನೆಯೊಳಗಿನವರೇ ನಿಲ್ಲಿಸಬೇಕಿತ್ತು.

ಈ ವಿದ್ಯೆಯನ್ನೇ ದೂರವಿಡಿ ಎಂದು ನಾನು ಹೇಳುವುದಿಲ್ಲ. ಅದಿಲ್ಲದೆ ನಮ್ಮ ಊರಿನ ಕೆಲಸಗಳೇ ನಡೆಯುವುದಿಲ್ಲ. ಕೇಣಿದಾರರು ಕೊಯ್ಲಿಗೆ ಮೊದಲು ತೋಟ ಸುತ್ತಿ, ಕತ್ತೆತ್ತಿ ಗೊನೆಗಳನ್ನು ನೋಡಿ, ಇಷ್ಟು ಕ್ವಿಂಟಾಲ್ ಆಗುತ್ತದೆ ಎನ್ನುತ್ತಾರೆ. ಹಸಿರು ಗೊನೆಯಲ್ಲಿ ಸುಲಿದು, ಬೇಯಿಸಿ, ಒಣಗಿಸಿದ ಕೆಂಪಡಿಕೆಯ ರಾಶಿಯನ್ನು ಅವರು ಆಗಲೇ ಕಂಡಿರುತ್ತಾರೆ. ಚಿಕ್ಕಂದಿನಿಂದ ಅಪ್ಪನ ಹಿಂದೆ ತೋಟ ತೋಟ ತಿರುಗಿ, ತಪ್ಪು ಹೇಳಿ ಬೈಸಿಕೊಂಡು, ಕೈಯಿಂದ ದುಡ್ಡು ಕಳೆದುಕೊಂಡು ಕಲಿತದ್ದು ಅದು. ಅವರ ಕಣ್ಣಿಗೆ ಕಂಡದ್ದನ್ನು ತಕ್ಕಡಿ ತೂಗಿ ನೋಡುತ್ತದೆ. ಅಂಜನಕ್ಕೆ ತಕ್ಕಡಿಯಿರಲಿಲ್ಲ.

ಹೋದ ದೀಪಾವಳಿಗೆ ಅಕ್ಕ ಬಂದಿದ್ದಾಗ ಮತ್ತೆ ಆ ಮಾತು ಬಂತು. ಈಗಲೂ ಕಣ್ಣು ಮುಚ್ಚಿದರೆ ಆ ಸೀರೆ ಕಾಣುತ್ತದೆಯಂತೆ, ಅರಿಸಿನ ಬಣ್ಣದ ಅಂಚು ಸಮೇತ.

"ಮುಖ?" ಎಂದು ಕೇಳಿದೆ.

"ಮುಖ ಎಲ್ಲಿ ಕಾಣ್ತು ಕಣೋ. ನಾನು ಸೀರೆ ಅಂದೆ ಅಷ್ಟೆ. ಮುಖ ಇಟ್ಟೋರು ದೊಡ್ಡೋರು."

ಆ ಹೆಂಗಸಿನ ಮನೆ ಯಾವ ಕೇರಿಯಲ್ಲಿತ್ತು ಎಂದು ಅಜ್ಜಿಯನ್ನು ಕೇಳಿಟ್ಟುಕೊಳ್ಳಬೇಕಾಗಿತ್ತು ಎಂದಳು ಅಕ್ಕ. ಅಜ್ಜಿ ಹೋಗಿ ಈಗ ಇಪ್ಪತ್ತು ವರ್ಷ.